ಆಗದೆ ಹೋದ ಜೈಲು

ಜನವರಿ 14, ಮಂಗಳವಾರ

ಸ್ವೀಡನ್ನಿನ ನ್ಯಾಯಾಧೀಶೆ ನನ್ನನ್ನು ಜೈಲಿಗೆ ಹಾಕಿರಲಿಲ್ಲ. ಇವತ್ತು ಮಧ್ಯಾಹ್ನ ಇಂಗ್ಲಿಷು ಹಾಕಿತು.

ಶಿಕಾಗೋದ ಅನುವಾದಕಿಯಿಂದ ಕಾಗದ ಬಂದಿದೆ. ಆರು ವರ್ಷಗಳ ಹಿಂದೆ ನಾವು ಗೋಥೆನ್‌ಬರ್ಗ್‌ನಲ್ಲಿದ್ದಾಗ ನನ್ನ ಮೇಲೆ ಬಂದ ತೀರ್ಪಿನ ಇಂಗ್ಲಿಷ್ ರೂಪ. ಗಂಡ ವೀರೇಶನ ಕಂಪನಿ ನಮ್ಮಿಬ್ಬರಿಗೂ ಹಾಕಿರುವ ಅಮೆರಿಕದ ಹಸಿರು ಕಾರ್ಡಿನ ಅರ್ಜಿಗೆ ಅದು ಬೇಕಂತೆ. ನನ್ನ ತೀರ್ಪನ್ನು ನಾನೇ ಅನುವಾದಿಸಿದರೆ ನಡೆಯದು. ನನಗೆ ಸ್ವೀಡಿಷ್ ಬರುತ್ತದೆ ಎನ್ನುವುದು ಇಲ್ಲಿ ಅರ್ಹತೆಯಲ್ಲ, ಅನುಮಾನಕ್ಕೆ ಕಾರಣ.

ತೀರ್ಪಿನಲ್ಲಿದ್ದದ್ದು ‘ವಿಲ್‌ಕೋರ್ಲಿಗ್ ಡೂಮ್’. ವಿಲ್‌ಕೋರ್ ಅಂದರೆ ಷರತ್ತು, ಡೂಮ್ ಅಂದರೆ ತೀರ್ಪು. ಷರತ್ತಿನ ತೀರ್ಪು. ತಪ್ಪು ಮಾಡಿದ್ದೀಯ, ಜೈಲಿಲ್ಲ, ಎರಡು ವರ್ಷ ನೆಟ್ಟಗೆ ಬದುಕು, ನಲವತ್ತು ಗಂಟೆ ಸಂಬಳವಿಲ್ಲದೆ ಊರಿನ ಕೆಲಸ ಮಾಡಿಕೊಡು, ಹೋಗು. ಅಷ್ಟೇ. ಈ ಮಹಾತಾಯಿ ಅದನ್ನು ‘ಸಸ್ಪೆಂಡೆಡ್ ಸೆಂಟೆನ್ಸ್’ ಮಾಡಿದ್ದಾಳೆ. ಅಂದರೆ ಜೈಲು ಹಾಕಿ, ಆಮೇಲೆ ಅದನ್ನು ನೆತ್ತಿಯ ಮೇಲೆ ತೂಗುಬಿಟ್ಟದ್ದು. ಮುಂದಿನ ಸಾಲು ಇನ್ನೂ ಘೋರ. ಊರಿನ ಕೆಲಸ ಕೊಟ್ಟಾಗ ಅಲ್ಲಿನ ನ್ಯಾಯಾಧೀಶರು ಒಂದು ಮಾತು ಬರೆಯಲೇಬೇಕು: ‘ಜೈಲನ್ನೇ ಆರಿಸಿಕೊಂಡಿದ್ದರೆ ಒಂದು ತಿಂಗಳು ವಿಧಿಸಬೇಕಾಗುತ್ತಿತ್ತು.’ ಇವಳು ಬರೆದದ್ದು: ‘ಒಂದು ತಿಂಗಳ ಜೈಲು, ಅಮಾನತಿನಲ್ಲಿ.’

ಕೋಲಾರದ ಸರ್ಕಾರಿ ಶಾಲೆಯಲ್ಲಿ ಕನ್ನಡ ವ್ಯಾಕರಣ ಹೇಳಿದವಳು ನಾನು. ‘ಬಸ್ಸು ಬಂದಿದ್ದರೆ ಶಾಲೆಗೆ ಬರುತ್ತಿದ್ದೆ ಟೀಚರ್’ ಎಂದರೆ ಏನರ್ಥ? ಬಸ್ಸೂ ಬರಲಿಲ್ಲ, ನೀನೂ ಬರಲಿಲ್ಲ. ಕೊನೇ ಬೆಂಚಿನ ಹುಡುಗರಿಗೂ ಗೊತ್ತಿದ್ದದ್ದು ಸರ್ಟಿಫಿಕೇಟು ಇರುವ ಅನುವಾದಕಿಗೆ ಗೊತ್ತಿಲ್ಲ. ಆಗದೆ ಹೋದ ಜೈಲನ್ನು ಆಗಿಸಿಬಿಟ್ಟಳು!

ನಾನು ಮಾಡಿದ್ದಾದರೂ ಏನು? ಅಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಪಾತ್ರೆ ತಿಕ್ಕುತ್ತಿದ್ದವಳು ಸೆನಾಯಿತ್, ಎರಿಟ್ರಿಯಾದವಳು. ನಮ್ಮ ಮನೆಗೆ ಬಂದು ರಾಗಿಮುದ್ದೆ ನೋಡಿ, ‘ಇದು ನಮ್ಮೂರಿನದ್ದು, ನೀನು ಕದ್ದೆ’ ಎಂದು ನಕ್ಕವಳು. ಅವಳನ್ನು ಗಡೀಪಾರು ಮಾಡಲು ವ್ಯಾನು ಬಂತು. ಬಂಧನಾಲಯದ ಗೇಟಿನೆದುರು ಹತ್ತಾರು ಜನ ಕೂತೆವು. ಪೊಲೀಸನೊಬ್ಬ ನನ್ನ ಕಾಲು ಹಿಡಿದು ಎಳೆದ. ನಾನು ದೀಪದ ಕಂಬ ತಬ್ಬಿಕೊಂಡೆ. ಬಿಡಲಿಲ್ಲ. ಅವರು ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹೊಡೆಯಲಿಲ್ಲ, ಕಚ್ಚಲಿಲ್ಲ. ಇದಕ್ಕೆ ಅಲ್ಲಿನ ಕಾನೂನಿನ ಹೆಸರು ‘ವೋಲ್ಡ್‌ಸಮ್ಟ್ ಮೂತ್‌ಸ್ಟೋಂಡ್’. ಇಂಗ್ಲಿಷಿನಲ್ಲಿ ಬಂದಿದೆ: ‘ಹಿಂಸಾತ್ಮಕ ಪ್ರತಿರೋಧ’. ಹಿಂಸೆ ಕಂಬಕ್ಕೆ ಆಗಿರಬೇಕು.

ಈ ಮನೆಯಲ್ಲಿ ಕೂಗಿದರೆ ಕೇಳುವವರಿಲ್ಲ. ಅದಕ್ಕೇ ಬರೆಯಲು ಕೂತೆ. ನನ್ನ ಸಿಟ್ಟು ಕನ್ನಡದಲ್ಲಾದರೂ ನನ್ನದಾಗಿರಲಿ.

ಜನವರಿ 17

ವಕೀಲ ದೇವ್ ಫೋನ್ ಮಾಡಿದ್ದ. ಇಲ್ಲೇ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಹುಟ್ಟಿದವನು. ಅವನ ಕನ್ನಡ ಅಜ್ಜಿಯ ಅಡುಗೆಮನೆ ದಾಟಿ ಹೊರಗೆ ಬಂದಿಲ್ಲ. ಇವನ ಅಪ್ಪನೇ ಅಲ್ಲವೇ, ನಾವು ಬಂದ ಹೊಸದರಲ್ಲಿ ಕನ್ನಡ ಕೂಟದ ಊಟದಲ್ಲಿ ‘ನಿಮ್ಮದು ಯಾವ ಕಡೆಯಮ್ಮ?’ ಎಂದು ಮೆಲ್ಲಗೆ ಗಾಳ ಹಾಕಿದ್ದು. ‘ಊರಾಚೆ ಕಡೆ ಸಾರ್, ಹೊಲಗೇರಿ. ಪಾಯಸ ಚೆನ್ನಾಗಿದೆ, ಇನ್ನಷ್ಟು ಹಾಕಿ’ ಎಂದಿದ್ದೆ. ಸೌಟು ಅಲ್ಲೇ ನಿಂತಿತ್ತು. ಮಗ ಒಳ್ಳೆಯವನೇ. ಆದರೆ ನಲವತ್ಮೂರರ ನನ್ನನ್ನು ಆಂಟಿ ಅನ್ನುತ್ತಾನೆ.

‘ಆಂಟಿ, ಪ್ರಾಬ್ಲೆಮ್ ಏನು ಗೊತ್ತಾ? ಒಂದೇ ಪೇಜಲ್ಲಿ ವಯಲೆಂಟ್ ಇದೆ, ಪ್ರಿಸನ್ ಇದೆ. ಆಫೀಸರ್ ಅಷ್ಟೇ ಓದೋದು.’

‘ಜೈಲೇ ಇಲ್ಲಪ್ಪ. ಅದು ಅನುವಾದದ ತಪ್ಪು.’

‘ದೆನ್ ಫಿಕ್ಸ್ ಇಟ್. ಆ ಲೇಡಿ ಹತ್ರಾನೇ ಕರೆಕ್ಟ್ ಮಾಡಿಸಿ. ನಂಗೆ ಸ್ವೀಡಿಷ್ ಬರಲ್ಲ, ನಾನು ಹೇಳಿದ್ರೆ ಕೇಳಲ್ಲ. ಆಮೇಲೆ ಆಂಟಿ, ಒಂದು ಸ್ಟೇಟ್‌ಮೆಂಟ್ ಬೇಕು ನಿಮ್ಮಿಂದ. ರಿಮೋರ್ಸ್.’

‘ಕನ್ನಡದಲ್ಲಿ ಹೇಳು.’

‘ಕನ್ನಡದಲ್ಲಿ... ಅಜ್ಜಿ ನಮ್ಮ ಕೈಲಿ ಹೇಳಿಸ್ತಿದ್ರಲ್ಲ, ಕಿವಿ ಹಿಡಿಸಿ. ಹಾಂ, ತಪ್ಪಾಯ್ತು! ತಪ್ಪಾಯ್ತು ಅಂತ ಒಂದು ಪ್ಯಾರಾ.’

‘ತಪ್ಪಾಗಲಿಲ್ಲವಲ್ಲ.’

ಅವನು ಏನೋ ಟೈಪ್ ಮಾಡಿಕೊಂಡ. ಆಮೇಲೆ ಅಂದ: ‘ಆಂಟಿ, ನಿಮ್ಮದು ಡಿನೈ ಆದ್ರೆ ವೀರೇಶ್ ಅಂಕಲ್ ಓಕೆ. ಅವರದು ಸೆಪರೇಟ್. ನೀವೊಬ್ರೇ ಲೀವ್ ಮಾಡ್ಬೇಕಾಗತ್ತೆ. ಯು ಅಂಡರ್‌ಸ್ಟ್ಯಾಂಡ್?’

ಅರ್ಥವಾಯಿತು. ಕನ್ನಡದಲ್ಲೇ ಅರ್ಥವಾಯಿತು. ಆದರೂ ತಪ್ಪಾಯ್ತು ಎನ್ನುವವಳು ನಾನಲ್ಲ. ಅದಕ್ಕೆ ಬೇರೆ ಹೆಂಗಸನ್ನು ಹುಡುಕಿಕೊಳ್ಳಲಿ.

ಜನವರಿ 19

ವೀರೇಶನಿಗೆ ಹೇಳಿದೆ. ಇವನು ಗದಗದವನು. ನಾನು ಕೋಲಾರದ ತಂಡದಲ್ಲಿ ಬೀದಿನಾಟಕ ಆಡುತ್ತಿದ್ದೆ, ಇವನು ಗದಗದ ತಂಡದಲ್ಲಿ ಹಲಗೆ ಬಾರಿಸುತ್ತಿದ್ದ. ದಾವಣಗೆರೆಯ ಸಮಾವೇಶದಲ್ಲಿ ‘ಅದು ತಮಟೆ’ ಎಂದು ನಾನು, ‘ಹಲಗಿ’ ಎಂದು ಇವನು ಜಗಳ ತೆಗೆದದ್ದೇ ಮದುವೆಗೆ ಮೂಲ. ಆ ವಾದ್ಯ ಈಗ ಆಬರ್ನ್ ಹಿಲ್ಸ್‌ನ ನಮ್ಮ ಬೇಸ್‌ಮೆಂಟಿನಲ್ಲಿ ಹೀಟರ್ ಪಕ್ಕ ಕೂತಿದೆ. ಇವತ್ತು ಮಧ್ಯಾಹ್ನ ಇಳಿದುಹೋಗಿ ಕೈ ನೋಯುವಷ್ಟು ಬಾರಿಸಿದೆ. ಇವನು ಮೆಟ್ಟಿಲ ಮೇಲೆ ಕೂತು ನೋಡಿದ.

‘ತಾಳ ತಪ್ಪಾಕತ್ತೈತಿ.’

‘ತಪ್ಪಲಿ.’

‘ಒಂದ್ ಹಾಳ್ಯಾಗ ತಪ್ಪಾತು ಅಂತ ಬರದ್ರ ಏನ್ ಕಳೀತೈತಿ ಭಾನು? ಆ ಆಫೀಸರ್ ಮುಂದ ಬರಿಯೂದು. ಸೆನಾಯಿತ್ ಮುಂದಲ್ಲ.’

‘ನನ್ನ ಅರ್ಜಿ ಮಾತ್ರ ಬಿದ್ದುಹೋದರೆ ನೀನು ಬರ್ತೀಯೋ ಇಲ್ಲಿರ್ತೀಯೋ?’

‘ಅದ್ಯಾಕ ಆ ಮಾತು?’

‘ಹೇಳೋ.’

‘ಇದು ಮೂರನೇ ದೇಶ. ತಿರುಗಿ ಹೋದ್ರ ಅದೂ ಈಗ ನಾಲ್ಕನೇ ದೇಶಾನ. ಐವತ್ತರ ಹತ್ರ ಬಂದು, ಯಾರ ಮುಂದ ಕೈ ಕಟ್ಟಿ ನಿಂದರ್ಲಿ?’

ಬರುತ್ತೇನೆ ಅನ್ನಲಿಲ್ಲ. ಇರುತ್ತೇನೆ ಅಂತಲೂ ಅನ್ನಲಿಲ್ಲ. ಎದ್ದುಹೋಗಿ ಚಹಾ ಮಾಡಿಕೊಂಡು ಬಂದ, ಎರಡು ಲೋಟ. ಚಹಾಕ್ಕೆ ಶುಂಠಿ ಹಾಕಿದ್ದ. ನನಗೆ ಇಷ್ಟ ಎಂದು. ಇಂಥದ್ದಕ್ಕೇ ಇವನ ಮೇಲೆ ಪೂರ್ತಿ ಸಿಟ್ಟಾಗಲು ಬರುವುದಿಲ್ಲ.

ಹೋದ ಬೇಸಿಗೆಯ ನೆನಪಾಯಿತು. ಡೆಟ್ರಾಯಿಟ್‌ನ ದಕ್ಷಿಣಕ್ಕೆ ಟಾಕೋ ತಿನ್ನಲು ಹೋಗಿ ಬರುವಾಗ ಇವನು ತಪ್ಪು ಲೇನ್ ಹಿಡಿದ. ‘ಬ್ರಿಜ್ ಟು ಕೆನಡಾ’ ಎಂಬ ಬೋರ್ಡು ಮುಖಕ್ಕೇ ಬಂತು. ಆ ಎಕ್ಸಿಟ್ ತೆಗೆದುಕೊಂಡರೆ ನದಿಯ ಆಚೆ. ತಿರುಗಿ ಬರಲು ನನ್ನ ಪಾಸ್‌ಪೋರ್ಟಿನಲ್ಲಿ ಮುದ್ರೆ ಇಲ್ಲ. ಅರ್ಜಿಯೂ ಅಲ್ಲಿಗೇ ಮಣ್ಣು. ಕಿರುಚಿದೆ. ಇವನು ಮೂರು ಲೇನ್ ಅಡ್ಡ ಕತ್ತರಿಸಿ, ನಾಲ್ಕು ಕಾರುಗಳ ಹಾರ್ನು ತಿಂದು ಈಚೆ ಬಂದ. ಬಾಗಿಲ ಮೇಲಿನ ಹಿಡಿ ಹಿಡಿದಿದ್ದವಳು ಮನೆ ಬರುವತನಕ ಬಿಟ್ಟಿರಲಿಲ್ಲ. ‘ಸ್ವೀಡನ್ನಿನವರು ನಿನ್ನ ಮ್ಯಾಲೆ ಕೇಸ್ ಹಾಕಿದ್ದು ಸುಳ್ಳಲ್ಲ ಬಿಡು’ ಎಂದು ನಕ್ಕಿದ್ದ.

ಫೆಬ್ರುವರಿ 3

ಒಂದು ಪದ ತಲೆ ತಿನ್ನುತ್ತಿದೆ. ‘ಶೋತ್ಸಮ್’. ಷರತ್ತು ಏನು ಎಂದು ತೀರ್ಪಿನ ಜೊತೆ ಅಚ್ಚು ಹಾಕಿಕೊಟ್ಟಿದ್ದರು: ಆ ಎರಡು ವರ್ಷ ಶಿಕ್ಷಿತರು ಶೋತ್ಸಮ್ ಆಗಿರತಕ್ಕದ್ದು, ಮತ್ತು ಕೈಲಾದಮಟ್ಟಿಗೆ ತಮ್ಮ ಅನ್ನ ತಾವು ದುಡಿದುಕೊಳ್ಳಲು ಯತ್ನಿಸತಕ್ಕದ್ದು.

ಎರಡನೆಯದನ್ನು ನೋಡಿ. ಆ ಎರಡು ವರ್ಷದಲ್ಲಿ ಒಂದು ವರ್ಷ ನಾನು ಕಳೆದದ್ದು ಇಲ್ಲಿ, ಗಂಡನ ವೀಸಾಕ್ಕೆ ಬಾಲವಾಗಿ. ಸ್ವೀಡನ್ ಹೇಳಿತು: ದುಡಿದು ತಿನ್ನು. ಅಮೆರಿಕ ಹೇಳಿತು: ದುಡಿದೀಯ, ಜೋಕೆ. ಒಂದು ದೇಶದ ಶಿಕ್ಷೆ ಪಾಲಿಸಿದರೆ ಇನ್ನೊಂದು ದೇಶದಲ್ಲಿ ಅಪರಾಧಿ. ಕೈಕಾಲು ಗಟ್ಟಿಯಿರುವ ಹೆಂಗಸನ್ನು ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಕೂರಿಸಿ ಅನ್ನ ಹಾಕುವುದಕ್ಕೆ ಇವರು ‘ಸ್ಟೇಟಸ್’ ಅನ್ನುತ್ತಾರೆ. ಐದು ವರ್ಷವಾಯಿತು. ಜೈಲಿನಲ್ಲಾದರೂ ಕಂಬಳಿ ನೇಯಿಸುತ್ತಾರೆ.

ಮೊದಲನೆಯದಕ್ಕೆ ಕನ್ನಡ ಸಿಗುತ್ತಿಲ್ಲ. ಸಭ್ಯ? ಶಿಸ್ತುವಂತ? ಅಲ್ಲ. ಧಣಿಯ ಮನೆಯಲ್ಲಿ ಆಳನ್ನು ಹೊಗಳುವಾಗ ಅನ್ನುತ್ತಿದ್ದರಲ್ಲ, ‘ಒಳ್ಳೇ ಹೆಣ್ಣಾಳು, ತಲೆ ಎತ್ತಲ್ಲ’ ಎಂದು. ಅದು.

ನಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ಚೀಟಿ ಬಂದಿದೆ: ಕಸದ ಡಬ್ಬಿ ಬೀದಿಗೆ ಕಾಣುತ್ತದೆ, ಗ್ಯಾರೇಜಿನೊಳಗೆ ಇಡಿ. ಇಡುವುದಿಲ್ಲ. ಕಸ ಹಾಕುವುದು ಎಲ್ಲರೂ, ಕಾಣಬಾರದು ಅಂದರೆ ಹೇಗೆ?

ಫೆಬ್ರುವರಿ 22, ವೆಸ್ಟ್‌ಮಂಟ್

ಆ ಅನುವಾದಕಿಗೆ ಈಮೇಲ್ ಹಾಕಿ ಸಾಕಾಯಿತು. ‘ಮೂವತ್ತು ವರ್ಷದ ರೂಢಿ’ ಎಂದು ಒಂದೇ ಸಾಲಿನ ಉತ್ತರ. ನೇರವಾಗಿ ಹೋಗಿ ಮಾತಾಡುವುದೇ ಸರಿ ಎಂದು ಪಾಂಟಿಯಾಕ್‌ನಲ್ಲಿ ರೈಲು ಹತ್ತಿದೆ. ವೀರೇಶನ ಸಹೋದ್ಯೋಗಿ ಋಷಿಯ ತಾಯಿ ಕೌಸಲ್ಯಾ ಆಂಟಿ ಇಲ್ಲಿ, ಶಿಕಾಗೋದ ಹೊರವಲಯದಲ್ಲಿದ್ದಾರೆ. ಒಂದು ರಾತ್ರಿಗೆ ಅವರ ಮನೆ. ಮೈಸೂರಿನವರು. ಬಾಗಿಲಲ್ಲೇ ‘ಬಾಮ್ಮ ಬಾ, ಎಷ್ಟು ಸೊರಗಿದೀಯ’ ಅಂದರು. ಇದಕ್ಕೆ ಮುಂಚೆ ನನ್ನನ್ನು ನೋಡಿದವರೇ ಅಲ್ಲ.

ಊಟಕ್ಕೆ ಹುರುಳಿಕಾಯಿ ಪಲ್ಯ, ಮೆಣಸಿನ ಸಾರು.

‘ಶಿಕಾಗೋಲಿ ಏನಮ್ಮ ಕೆಲಸ?’

‘ಬರ್ತ್ ಸರ್ಟಿಫಿಕೇಟ್ ಆಂಟಿ, ಅನುವಾದ ಆಗಬೇಕಿತ್ತು.’

‘ಓ. ನಮ್ಮ ಋಷಿದೂ ಹಾಗೇ ಆಗಿತ್ತು, ಇಂಗ್ಲಿಷ್ ಹೆಸರಲ್ಲಿ ಒಂದು ‘ಎಚ್’ ಅಕ್ಷರ ಬಿಟ್ಟುಬಿಟ್ಟಿದ್ರು. ಅನ್ನ ಹಾಕ್ಕೋ. ನಿಮ್ಮದು ಯಾವ ಕಡೆ, ಗೊತ್ತಾಗ್ಲಿಲ್ವಲ್ಲ?’

‘ಕೋಲಾರದ ಕಡೆ ಆಂಟಿ.’

‘ಕೋಲಾರದಲ್ಲಿ ನಮ್ಮವರೂ ತುಂಬ ಜನ ಇದಾರೆ.’

‘ಹೌದು ಆಂಟಿ.’

ಸಾರು ಚೆನ್ನಾಗಿತ್ತು. ನಾಳೆ ಜಗಳಕ್ಕೆ ಗಂಟಲು ಬೇಕು, ಮಲಗುತ್ತೇನೆ.

ಫೆಬ್ರುವರಿ 23, ರೈಲಿನಲ್ಲಿ

ಗೆದ್ದೆ! ಅರ್ಧ ಗೆದ್ದೆ.

ಅವಳ ಹೆಸರು ಗುನಿಲ್ಲಾ. ಎಂಬತ್ತು ದಾಟಿದೆ. ಶಿಕಾಗೋದ ಹಳೆಯ ಸ್ವೀಡಿಷ್ ಬಡಾವಣೆ ಆಂಡರ್ಸನ್‌ವಿಲ್‌ನ ಒಂದು ನೆಲಮಹಡಿ ಮನೆ, ಕಿಟಕಿಯಲ್ಲಿ ಮರದ ಕುದುರೆ. ಇಪ್ಪತ್ತೆರಡರ ವಯಸ್ಸಿಗೆ ಸ್ವೀಡನ್ ಬಿಟ್ಟವಳು. ಅವಳ ಸ್ವೀಡಿಷ್ ಕೇಳಿದರೆ ಹಳೆಯ ರೇಡಿಯೋ ಕೇಳಿದಂತೆ. ಏಲಕ್ಕಿ ಬನ್ನು ಸುಟ್ಟಿದ್ದಳು. ತಿನ್ನುವ ಮೊದಲೇ ಶುರುಮಾಡಿದೆವು. ನಡೆದದ್ದೆಲ್ಲ ಸ್ವೀಡಿಷ್‌ನಲ್ಲಿ. ಆರು ವರ್ಷದ ನಂತರ ಆ ಭಾಷೆಯಲ್ಲಿ ಜಗಳವಾಡಿದೆ. ಬಾಯಿ ತುಕ್ಕು ಹಿಡಿದಿರಲಿಲ್ಲ.

‘ಮೂವತ್ತು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ. ಒಬ್ಬ ಅಮೆರಿಕನ್ನನೂ ದೂರಿಲ್ಲ.’

‘ಅವರಿಗೆ ಸ್ವೀಡಿಷ್ ಬಂದರಲ್ಲವೇ ದೂರುವುದು?’

ಮುದುಕಿ ಕನ್ನಡಕದ ಮೇಲಿಂದ ನೋಡಿದಳು. ನಾನು ಬಿಡಲಿಲ್ಲ. ‘ಬಸ್ಸು ಬಂದಿದ್ದರೆ ನಾನು ಬರುತ್ತಿದ್ದೆ. ಹೇಳಿ ಗುನಿಲ್ಲಾ, ನಾನು ಬಂದೆನೇ?’

‘ಬಂದಿದ್ದೀಯಲ್ಲ. ನನ್ನ ಅಡುಗೆಮನೆಯಲ್ಲಿ ಕೂತು ನನ್ನ ಬನ್ನು ತಣ್ಣಗಾಗಿಸುತ್ತಿದ್ದೀಯ.’

ಆದರೂ ಕಾಗದ ತೆಗೆದುಕೊಂಡಳು. ಆ ಸಾಲನ್ನು ತುಟಿಯಲ್ಲಿ ಎರಡು ಸಲ ಓದಿದಳು. ‘ಆರಿಸಿಕೊಂಡಿದ್ದರೆ... ವಿಧಿಸಬೇಕಾಗುತ್ತಿತ್ತು.’ ಪೆನ್ಸಿಲ್ ಹುಡುಕಿದಳು. ‘ಸಸ್ಪೆಂಡೆಡ್’ ಹೊಡೆದುಹಾಕಿ ‘ಕಂಡಿಷನಲ್’ ಬರೆದಳು. ಪಕ್ಕದಲ್ಲಿ ಟಿಪ್ಪಣಿ: ಯಾವ ಜೈಲು ಶಿಕ್ಷೆಯನ್ನೂ ವಿಧಿಸಿರುವುದಿಲ್ಲ. ‘ಮೂವತ್ತು ವರ್ಷ’ ಎಂದಳು, ನನಗಲ್ಲ, ಪೆನ್ಸಿಲ್ಲಿಗೆ. ‘ಎಷ್ಟು ಜನರನ್ನು ಒಳಗೆ ಹಾಕಿದೆನೋ.’

‘ಇದನ್ನೂ’ ಅಂದೆ, ‘ಹಿಂಸಾತ್ಮಕ’ದ ಮೇಲೆ ಬೆರಳಿಟ್ಟು.

‘ಅದು ಬದಲಾಗದು.’

‘ನಾನು ಕಂಬ ಹಿಡಿದಿದ್ದೆ, ಅಷ್ಟೇ.’

‘ಹಿಡಿದದ್ದನ್ನು ಬಿಡದಿರುವುದೂ ಆ ಕಾನೂನಿಗೆ ಹಿಂಸೆಯೇ. ಪದ ನನ್ನದಲ್ಲ, ಅವರದು. ಮೊದಲನೆಯದು ತಪ್ಪಾಗಿತ್ತು, ತಿದ್ದಿದೆ. ಇದು ಸರಿಯಾಗಿದೆ. ಸರಿಯಾಗಿದ್ದದ್ದು ನಿನಗೆ ಇಷ್ಟವಾಗಲೇಬೇಕು ಅಂತ ಇಲ್ಲ.’

ಬೆರಳು ತೆಗೆದೆ. ನಾನು ಅವಳಿಗೆ ಹೇಳಿದ್ದೂ ಇದನ್ನೇ ತಾನೆ, ಪದಕ್ಕೆ ಸುಳ್ಳು ಹೇಳಿಸಬೇಡ ಎಂದು.

ಬನ್ನು ಕಟ್ಟಿಕೊಡುವಾಗ ಕೇಳಿದಳು: ‘ವ್ಯಾನಿನಲ್ಲಿ ಯಾರಿದ್ದರು?’

‘ನನ್ನ ಜೊತೆ ಕೆಲಸ ಮಾಡುತ್ತಿದ್ದವಳು. ಸೆನಾಯಿತ್.’

‘ಆಮೇಲೆ ಏನಾದಳು?’

‘ಗೊತ್ತಿಲ್ಲ. ಫೋನು ಕೆಲವು ತಿಂಗಳು ರಿಂಗಾಯಿತು. ಆಮೇಲೆ ಅದೂ ಆಗಲಿಲ್ಲ.’

‘ಮತ್ತೆ ಈ ಶೋತ್ಸಮ್ ಪದಕ್ಕೆ ಏನು ಹಾಕಲಿ? ನಮ್ಮಜ್ಜಿ ಕೆಲಸದ ಹುಡುಗಿಯರಿಗೆ ಅನ್ನುತ್ತಿದ್ದ ಮಾತು ಅದು’ ಎಂದಳು. ಕೊನೆಗೆ ಅವಳು ಹಾಕಿದ ಇಂಗ್ಲಿಷಿಗೆ ‘ಒಳ್ಳೆಯ ನಡತೆ’ ಎಂದಷ್ಟೇ ಅರ್ಥ. ಇರಲಿ. ಅದು ಯಾರಿಗೂ ಬೇಕಿಲ್ಲದ ಸಾಲು.

ಮಾರ್ಚ್ 6

ತಿದ್ದಿದ ಅನುವಾದ ಮುದ್ರೆ ಸಹಿತ ಬಂತು. ದೇವ್ ಕುಣಿದಾಡಿದ. ‘ಆಂಟಿ, ಯು ಆರ್ ಅಮೇಜಿಂಗ್! ಪ್ರಿಸನ್ ಗಾನ್!’ ಮರುಕ್ಷಣವೇ: ‘ಬಟ್ ವಯಲೆಂಟ್ ಇನ್ನೂ ಇದೆ. ಸೋ ಸ್ಟೇಟ್‌ಮೆಂಟ್ ಈಗ ಮಸ್ಟ್ ಆಂಟಿ.’

ನಾನು ಯೋಚಿಸಿದೆ. ಹೇಳಿಕೆ ಬರೆಯುವುದು ಬೇರೆ, ತಪ್ಪೊಪ್ಪುವುದು ಬೇರೆ. ಸತ್ಯವನ್ನೇ ಬರೆಯುತ್ತೇನೆ. ಸತ್ಯಕ್ಕೆ ಹೆದರುವವಳಲ್ಲ ನಾನು. ಪದಗಳನ್ನು ಹೇಗೆ ಆರಿಸಬೇಕು ಎಂದು ಒಬ್ಬ ಅನುವಾದಕಿಗೇ ಪಾಠ ಹೇಳಿ ಬಂದಿದ್ದೇನೆ.

ಮಾರ್ಚ್ 19

ಮೊದಲ ಕರಡು ಹೀಗಿತ್ತು: ‘ಪೊಲೀಸನೊಬ್ಬ ನನ್ನ ಕಾಲು ಹಿಡಿದು ಎಳೆದ. ನನ್ನ ಗೆಳತಿ ಸೆನಾಯಿತ್‌ಳನ್ನು ಹೊತ್ತೊಯ್ಯುವುದನ್ನು ತಡೆಯಲು ನಾನು ಕಂಬ ಹಿಡಿದುಕೊಂಡೆ.’ ದೇವ್ ಹೇಳಿದ, ಪೊಲೀಸರಿಂದ ವಾಕ್ಯ ಶುರು ಮಾಡಬೇಡಿ. ಸರಿಯೇ. ಇದು ನನ್ನ ಹೇಳಿಕೆ, ಅವರದ್ದಲ್ಲ.

ಎರಡನೆಯದು: ‘ಒಬ್ಬ ಮಹಿಳೆಯ ಗಡೀಪಾರಿನ ಸಂದರ್ಭದಲ್ಲಿ ನಾನು ಕಂಬ ಹಿಡಿದುಕೊಂಡೆ, ಸೂಚನೆ ಕೊಟ್ಟರೂ ಬಿಡಲಿಲ್ಲ.’ ಹೆಸರು ತೆಗೆದದ್ದಕ್ಕೆ ಕಾರಣವಿದೆ: ಆ ಹೆಂಗಸಿಗೆ ಇದರಿಂದ ತೊಂದರೆ ಆಗಬಾರದು. ದೇವ್‌ಗೆ ಈಗಲೂ ‘ಬಿಡಲಿಲ್ಲ’ ಎನ್ನುವುದು ಗಟ್ಟಿಯಾಯಿತಂತೆ.

ಕರ್ಮಣಿ ಪ್ರಯೋಗ ಎಷ್ಟು ಉಪಯೋಗದ ವಸ್ತು ಎಂದು ಮಕ್ಕಳಿಗೆ ಹೇಳುವಾಗ ತಿಳಿದಿರಲಿಲ್ಲ. ‘ಸೂಚನೆಯನ್ನು ಕೂಡಲೇ ಪಾಲಿಸಲಾಗಲಿಲ್ಲ.’ ಯಾರು, ಏಕೆ, ಏನೂ ಬೇಡ. ವಾಕ್ಯ ತಣ್ಣಗೆ ಕೂತುಬಿಡುತ್ತದೆ.

ವೀರೇಶ ಓದಿ ನೋಡಿದ. ‘ಚಲೋ ಐತಿ’ ಅಂದ. ಒಂದು ಗಳಿಗೆ ಬಿಟ್ಟು, ‘ಇದು ನೀ ಬರದದ್ದ ಏನು?’ ಎಂದು ಕೇಳಿದ. ಮತ್ತಿನ್ಯಾರು ಬರೆಯುತ್ತಾರೆ?

ಏಪ್ರಿಲ್ 5

ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ. ವೇದಿಕೆಗೆ ಜಾನಪದ ಥೀಮ್ ಅಂತೆ. ಕಾರ್ಯದರ್ಶಿ ಸುಹಾಸಿನಿ ಫೋನ್ ಮಾಡಿ, ‘ಭಾನು ಅವ್ರೇ, ನಿಮ್ಮನೇಲಿ ಏನೋ ಡ್ರಮ್ ಇದೆಯಂತಲ್ಲ, ಬ್ಯಾಕ್‌ಡ್ರಾಪ್‌ಗೆ ನೇತು ಹಾಕಕ್ಕೆ ಕೊಡ್ತೀರಾ? ಬಾರಿಸೋದಕ್ಕಲ್ಲ’ ಅಂದರು. ಕೊಟ್ಟೆ. ಮೊರ, ಬೀಸುವ ಕಲ್ಲಿನ ಚಿತ್ರ, ಸೋಗೆಯ ಮಧ್ಯೆ ಚೆನ್ನಾಗಿಯೇ ಕಾಣುತ್ತಿತ್ತು. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ದೇವ್‌ನ ಅಪ್ಪ ಪಾಯಸ ಬಡಿಸಿದರು, ಕೇಳದೆಯೇ ಎರಡನೇ ಸಲ ಹಾಕಿದರು. ಜನ ಬದಲಾಗುತ್ತಾರೆ.

ವೀರೇಶ ಬರಲಿಲ್ಲ. ತಲೆನೋವು ಅಂದ.

ಏಪ್ರಿಲ್ 30

ಸಹಿ ಹಾಕಿದೆ. ‘ಗೊಂದಲದ ಸನ್ನಿವೇಶದಲ್ಲಿ ಒಬ್ಬ ಅಪರಿಚಿತ ವ್ಯಕ್ತಿಗೆ ಸಂಬಂಧಿಸಿದ ಪ್ರತಿಭಟನೆಯ ವೇಳೆ ಅಧಿಕಾರಿಗಳ ಸೂಚನೆಯನ್ನು ಕೂಡಲೇ ಪಾಲಿಸಲಾಗಲಿಲ್ಲ. ಇದಕ್ಕೆ ವಿಷಾದವಿದೆ.’ ವಿಷಾದ ಯಾರಿಗೆ ಎಂದು ಬರೆದಿಲ್ಲ, ಗಮನಿಸಿ! ತಪ್ಪಾಯ್ತು ಎಂಬ ಮಾತು ಎಲ್ಲಿಯೂ ಇಲ್ಲ. ‘ಅಪರಿಚಿತ’ ದೇವ್‌ನ ಸೇರ್ಪಡೆ, ಒಂದು ಪದಕ್ಕೆ ಏನು ಹಠ ಎಂದು ಬಿಟ್ಟೆ.

ಮೇ 22

ಸಂದರ್ಶನದ ದಿನ ಗೊತ್ತಾಗಿದೆ, ಜೂನ್ 24.

ಕಸದವನು ಹೋದ ಮೇಲೆ ಡಬ್ಬಿಯನ್ನು ಗ್ಯಾರೇಜಿನೊಳಗೆ ಇಟ್ಟೆ. ಪಕ್ಕದ ಮನೆಯವರ ಡಬ್ಬಿ ಸಂಜೆಯಾದರೂ ಹೊರಗೇ ಇತ್ತು. ನೋಡುವವರಿಗೆ ಹೇಗೆ ಕಾಣುತ್ತದೆ ಎಂಬ ಯೋಚನೆಯೇ ಇಲ್ಲ ಕೆಲವರಿಗೆ. ಅದನ್ನೂ ತಳ್ಳಿಕೊಂಡು ಹೋಗಿ ಅವರ ಗೋಡೆಯ ಮರೆಗೆ ನಿಲ್ಲಿಸಿ ಬಂದೆ.

ಜೂನ್ 24, ಮಂಗಳವಾರ

ಆಯಿತು.

ಡೆಟ್ರಾಯಿಟ್‌ನ ಕಚೇರಿ. ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಸಭ್ಯರು. ಕೈ ಎತ್ತಿ ಪ್ರಮಾಣ ಮಾಡಿಸಿ ಕೂರಿಸಿದರು. ಒಂದು ಕಡೆ ದೇವ್, ಇನ್ನೊಂದು ಕಡೆ ವೀರೇಶ. ತೀರ್ಪಿನ ಹಾಳೆ ತಿರುಗಿಸಿ, ‘ಯಾವ ಜೈಲು ಶಿಕ್ಷೆಯನ್ನೂ ವಿಧಿಸಿರಲಿಲ್ಲ, ಸರಿಯೇ?’ ಎಂದರು. ‘ಸರಿ ಮೇಡಂ’ ಅಂದೆ. ಗುನಿಲ್ಲಾಳ ಪೆನ್ಸಿಲ್ಲು ಕಣ್ಣ ಮುಂದೆ ಬಂತು. ಅಷ್ಟು ದೂರ ಹೋಗಿ ಹೋರಾಡಿದ್ದು ಸಾರ್ಥಕ. ‘ಹಿಂಸಾತ್ಮಕ’ದ ಮೇಲೆ ಅವರ ಪೆನ್ನು ನಿಂತಿತು. ‘ನಿಮ್ಮ ಹೇಳಿಕೆ ಓದಿದೆ. ಸ್ಪಷ್ಟವಾಗಿದೆ’ ಎಂದು ಮುಂದೆ ಹೋದರು.

ಕಡತ ಮುಚ್ಚುವ ಮೊದಲು ಸುಮ್ಮನೆ ಕೇಳಿದಂತೆ ಕೇಳಿದರು: ‘ಆ ವ್ಯಾನಿನಲ್ಲಿದ್ದ ಮಹಿಳೆ ನಿಮಗೆ ಗೊತ್ತಿದ್ದವರೇ?’

ದೇವ್ ಕುರ್ಚಿಯಲ್ಲಿ ತುಸು ಸರಿದ.

‘ಇಲ್ಲ’ ಅಂದೆ.

ಒಪ್ಪಿಗೆ ಅಲ್ಲೇ ಹೇಳಿದರು. ಕಾರ್ಡು ಅಂಚೆಯಲ್ಲಿ ಬರುತ್ತದಂತೆ. ದೇವ್ ಹೊರಗೆ ಬಂದು ಕೈ ಕುಲುಕಿದ. ‘ಆಂಟಿ, ಯು ವರ್ ಪರ್ಫೆಕ್ಟ್. ಸೋ ಕಾಮ್.’

ಸಂಭ್ರಮಕ್ಕೆ ಆ ಹಳೆಯ ಟಾಕೋ ಅಂಗಡಿಗೇ ಹೋದೆವು. ವೀರೇಶ ತಟ್ಟೆ ಮುಟ್ಟಲಿಲ್ಲ.

‘ಆಕಿ ನಮ್ಮ ಮನ್ಯಾಗ ಉಂಡಿದ್ಲು’ ಅಂದ.

‘ಯಾರು?’

‘ಮುದ್ದಿ ನೋಡಿ, ಇದು ನಮ್ಮೂರಿಂದು, ನೀ ಕದ್ದಿ ಅಂದಿದ್ಲು. ಹೆಸರಾದ್ರೂ ನೆನಪೈತೇನ ನಿಂಗ?’

ನಾಲಿಗೆಯ ತುದಿಯಲ್ಲಿತ್ತು, ಬರಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ ನಾನು.

‘ಇವತ್ತೇ ಯಾಕೋ ಇದನ್ನ ಎತ್ತುತ್ತೀಯ? ತಿನ್ನು, ಆರಿಹೋಗ್ತದೆ.’

ಅವನು ತಿಂದ. ನನಗಾಗಿಯೇ ತಾನೆ ಅವನೂ ಇಷ್ಟು ತಿಂಗಳು ಬೇಡಿಕೊಂಡದ್ದು? ಈಗ ಮುಖ ಊದಿಸಿಕೊಂಡು ಕೂತರೆ ಹೇಗೆ?

ಬರುವಾಗ ಸೇತುವೆಯ ಬೋರ್ಡು ಬಂತು. ಇವನು ಸರಿಯಾದ ಲೇನಿನಲ್ಲೇ ಇದ್ದ. ರಾಜಿಯಾಗಲು ಇರಬೇಕು, ‘ಕಾರ್ಡ್ ಕೈಗೆ ಬರ್ಲಿ, ಈ ಎಕ್ಸಿಟ್ ಬೇಕಂತನ ತಗೋತೀನಿ. ಆ ಕಡೆ ಹೋಗಿ ಒಂದು ಚಾ ಕುಡದು ಬರೂಣು’ ಅಂದ.

‘ಅಲ್ಲೇನಿದೆ ನೋಡೋಕೆ?’ ಅಂದೆ. ‘ಇಲ್ಲೇ ಚೆನ್ನಾಗಿದೆ.’

ಅಲ್ಲಿಂದ ಮನೆಗೆ ಮೂವತ್ತು ಮೈಲಿ. ಗ್ಯಾರೇಜಿನ ಬಾಗಿಲು ಮೇಲೆದ್ದು, ನಾವು ಒಳಗೆ ಹೋಗಿ, ಹಿಂದೆ ಇಳಿದು ಮುಚ್ಚಿಕೊಂಡಿತು.

‘ಕೈ ಬಿಡು ಭಾನು’ ಅಂದ. ‘ಮನಿ ಬಂತು.’

ಬಾಗಿಲ ಮೇಲಿನ ಹಿಡಿ. ಯಾವಾಗ ಹಿಡಿದೆನೋ ಗೊತ್ತಿಲ್ಲ. ಬಿಟ್ಟೆ ಎಂದುಕೊಂಡೆ, ಬಿಟ್ಟಿರಲಿಲ್ಲ. ಅವನು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದು, ಬೆರಳನ್ನು ಒಂದೊಂದಾಗಿ ಬಿಡಿಸಿದ.

ನಾಲ್ಕು ಸಲೀಸಾಗಿ ಬಂದವು. ಹೆಬ್ಬೆಟ್ಟಿಗೆ ಹೊತ್ತು ಹಿಡಿಯಿತು.